ಕಲೆ ಇಲ್ಲದ ಸೇತುವೆ

ಭಂಡಾರಕವಠೆಯ ಹತ್ತಿರ ಭೀಮಾ ನದಿಗೆ ಕಟ್ಟಿದ ಸೇತುವೆಯ ಕೆಳಗೆ ನಾನು ಮೊದಲ ಸಲ ಕ್ಯಾಮೆರಾ ಇಟ್ಟದ್ದು ಶಿವರಾತ್ರಿಯ ಮರುದಿನ. ಮಳೆಗಾಲ ಹಿಡಿಯುವ ಹೊತ್ತಿಗೆ ಪುಣೆಯಲ್ಲಿ ನನ್ನ ಚಿತ್ರಗಳ ಪ್ರದರ್ಶನವಿತ್ತು. ಹನ್ನೆರಡು ದೊಡ್ಡ ಸೇತುವೆಗಳು, ಎಲ್ಲವೂ ಕಪ್ಪು-ಬಿಳುಪು, ಒಂದೊಂದು ಪ್ರಿಂಟು ಬಾಗಿಲಿನಷ್ಟು ಅಗಲ. ಹನ್ನೊಂದು ಮುಗಿದಿದ್ದವು. ಒಳಗೆ ಕಾಲಿಟ್ಟ ಕೂಡಲೇ ಕಾಣುವ ನಡುಗೋಡೆಗೆ ಈ ಹನ್ನೆರಡನೆಯದು ಬೇಕಾಗಿತ್ತು.

ನನಗೊಂದು ನಿಯಮವಿತ್ತು. ಫಿಲ್ಮಿನ ಮೇಲೆ ಬಿದ್ದದ್ದೇ ಚಿತ್ರ. ಕಂಪ್ಯೂಟರಿನಲ್ಲಿ ತಂತಿ ಅಳಿಸುವುದು, ಬೇರೆ ದಿನದ ಮೋಡ ತಂದು ಕೂಡಿಸುವುದು, ಇಂಥದ್ದನ್ನು ನಾನು ಮಾಡುತ್ತಿರಲಿಲ್ಲ. ಮಾಡುವವರನ್ನು ಕಂಡರೆ ತಾತ್ಸಾರವೂ ಇತ್ತು. ಪ್ರದರ್ಶನದ ಗೋಡೆಯ ಮೇಲೆ ಆ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕೆಂದು ಹೇಳಿದವಳೂ ನಾನೇ.

ನನ್ನ ಕ್ಯಾಮೆರಾ ಹಳೆಯ ಮಾದರಿಯದು. ಮುಂದೆ ಮಸೂರ, ಹಿಂದೆ ಮಬ್ಬು ಗಾಜು, ನಡುವೆ ಹಾರ್ಮೋನಿಯಮ್ಮಿನ ಹೊಟ್ಟೆಯಂತೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ಗಾಜಿನಲ್ಲಿ ನೋಡಿದರೆ ಲೋಕ ತಲೆಕೆಳಗಾಗಿ ಕಾಣುತ್ತದೆ. ಮಸೂರದ ಹಲಗೆಯನ್ನು ಮೇಲಕ್ಕೆ ಸರಿಸಿದರೆ ಎತ್ತರದ ಕಂಬಗಳು ಹಿಂದಕ್ಕೆ ವಾಲದೆ ನೆಟ್ಟಗೆ ನಿಲ್ಲುತ್ತವೆ. ಮುಂದೆ ಕರಿ ಗಾಜಿನ ಫಿಲ್ಟರ್ ಹಾಕಿ ಬೆಳಕನ್ನು ಬಹಳ ಕಡಿಮೆ ಮಾಡುತ್ತೇನೆ. ಲೆಕ್ಕಕ್ಕೆ ಎರಡು ನಿಮಿಷ ಬಂದರೆ, ಮಂದ ಬೆಳಕಿನಲ್ಲಿ ಫಿಲ್ಮು ಸೋಮಾರಿಯಾಗುವುದರಿಂದ, ಎಂಟೂವರೆ ನಿಮಿಷ ತೆರೆದಿಡಬೇಕು. ಅಷ್ಟು ಹೊತ್ತಿನಲ್ಲಿ ಅಲೆಗಳು ಸವೆದು ನೀರು ಹಾಲಿನ ಕೆನೆಯಂತಾಗುತ್ತದೆ. ಸೇತುವೆ ದಾಟಿದ ಬಸ್ಸು, ಟ್ರಕ್ಕು, ಮೋಟರ್‌ಸೈಕಲ್ಲು ಒಂದೂ ಉಳಿಯುವುದಿಲ್ಲ. ಅಲುಗಾಡದೆ ಇದ್ದದ್ದಷ್ಟೇ ಉಳಿಯುತ್ತದೆ.

ಸೇತುವೆಯ ಕೆಳಗಿನ ದಂಡೆ ಒಬ್ಬ ರೈತನ ಹೊಲಕ್ಕೆ ಸೇರಿದ್ದು. ಐವತ್ತರ ಆಸುಪಾಸಿನವನು, ಕಬ್ಬು ಮತ್ತು ದ್ರಾಕ್ಷಿಯ ಬೆಳೆ, ಎರಡು ಒಳ್ಳೆಯ ಎತ್ತು, ತುಂಬಿದ ಮನೆ. ಅವನನ್ನು ಇಲ್ಲಿ ಯಜಮಾನ ಎನ್ನುತ್ತೇನೆ. ಕಾರಿನ ಡಿಕ್ಕಿಯಿಂದ ನಾನು ಒಂದೊಂದೇ ಪೆಟ್ಟಿಗೆ ಇಳಿಸುವುದನ್ನು ನೋಡುತ್ತ ಬದುವಿನ ಮೇಲೆ ನಿಂತಿದ್ದ.

"ಫೋಟೊ ತೆಗ್ಯಾಕ ಇಷ್ಟ ಸಾಮಾನ ಬೇಕೇನ್ರಿ ಅಕ್ಕಾರ? ನಮ್ಮ ಮೊಬೈಲ್‌ದಾಗ ಒಂದ ಬಟನ್ ಒತ್ತಿದ್ರ ಬರತೈತಲ್ರಿ."

ಅಂದಿನಿಂದ ನನ್ನ ಟ್ರೈಪಾಡನ್ನು ಹೊಲದೊಳಗಿಂದ ಒಯ್ಯಲು ಅವನು ಅಡ್ಡಿ ಹೇಳಲಿಲ್ಲ. ಅವನ ತಾಯಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಎರಡನೆಯ ಸಲ ಹೋದಾಗ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಕಟ್ಟಿಕೊಂಡು ತಾನೇ ದಂಡೆಗೆ ಬಂದಳು. ಕರಿ ಬಟ್ಟೆಯೊಳಗೆ ಏನಿದೆ ನೋಡಬೇಕೆಂದಳು. ತಲೆ ಒಳಗೆ ತೂರಿಸಿದವಳು ಗಟ್ಟಿಯಾಗಿ ನಕ್ಕಳು.

"ಅಯ್ಯ, ಹೊಳಿ ಮ್ಯಾಲ ಐತಲ್ಲೆ! ನೀರ ಚೆಲ್ಲೂದಿಲ್ಲೇನ ಇದು?"

ಎರಡು ತಿಂಗಳು ನನ್ನ ಕೆಲಸ ಕೈಹತ್ತಲಿಲ್ಲ. ಮೊದಲು ಗಾಳಿ. ತಿದಿ ಗಾಳಿಗೆ ಉಬ್ಬಿ ನಡುಗಿ, ಕಂಬಗಳ ಅಂಚುಗಳೆಲ್ಲ ಎರಡೆರಡಾದವು. ಆಮೇಲೆ ಮರಳು. ಎಂಟೂವರೆ ನಿಮಿಷದಲ್ಲಿ ಟ್ರೈಪಾಡಿನ ಒಂದು ಕಾಲು ಕೂದಲೆಳೆಯಷ್ಟು ಇಳಿದರೂ ಚಿತ್ರ ಕೆಟ್ಟಿತು. ಯಜಮಾನನ ಮನೆಯಲ್ಲಿ ಬಿದ್ದಿದ್ದ ಶಹಾಬಾದಿ ಚಪ್ಪಡಿ ಕಲ್ಲಿನ ಮೂರು ತುಂಡು ಹೂತು, ಕಾಲುಗಳನ್ನು ಅವುಗಳ ಮೇಲೆ ನಿಲ್ಲಿಸಿದೆ. ಅದು ಸರಿಹೋಯಿತೆನ್ನುವಷ್ಟರಲ್ಲಿ ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟರು. ಕಲ್ಲುಗಳು ಮುಳುಗಿದವು, ಹದಿನೈದು ದಿನ ದಂಡೆಯೇ ಇರಲಿಲ್ಲ. ನೀರು ಇಳಿದಾಗ ಬಿಸಿಲು ಏರಿತ್ತು. ಕಾರಿನಲ್ಲಿಟ್ಟ ಫಿಲ್ಮು ಕಾವಿಗೆ ಮಂಕಾಯಿತು. ಆಮೇಲಿಂದ ಅದನ್ನು ಐಸ್ ಡಬ್ಬಿಯಲ್ಲಿಟ್ಟು ತರತೊಡಗಿದೆ.

ಏಪ್ರಿಲ್ ಕೊನೆಗೆ ಒಂದು ನೆಗೆಟಿವ್ ಎಲ್ಲ ರೀತಿಯಿಂದಲೂ ಸರಿಯಾಗಿ ಬಂತು. ಸೊಲ್ಲಾಪುರದಲ್ಲಿ ನಮ್ಮ ಮನೆತನದ ಚಾದರ ಅಂಗಡಿಯ ಹಿಂದಿನ ಕೋಣೆಯೇ ನನ್ನ ಡಾರ್ಕ್‌ರೂಮು. ಅಲ್ಲಿ ದೊಡ್ಡ ಪ್ರಿಂಟು ಮಾಡಿದಾಗಲೇ ಅವು ಸ್ಪಷ್ಟವಾಗಿ ಕಂಡದ್ದು. ಮೂರನೆಯ ಮತ್ತು ನಾಲ್ಕನೆಯ ಕಂಬಗಳ ನಡುವೆ, ಸೇತುವೆಯ ಹೊಟ್ಟೆಗೆ ಸಾಲಾಗಿ ಜೋತುಬಿದ್ದ ಏಳು ಕಪ್ಪು ಕಲೆಗಳು. ಹೆಜ್ಜೇನಿನ ಹುಟ್ಟುಗಳು. ಮಾರ್ಚಿನಲ್ಲಿ ಎರಡೋ ಮೂರೋ ಚಿಕ್ಕವು ಇದ್ದವು, ತಲೆಕೆಳಗಾದ ಗಾಜಿನಲ್ಲಿ ನೆರಳೆಂದು ನಾನು ಬಿಟ್ಟಿದ್ದೆ. ಈಗ ಒಂದೊಂದೂ ಎಮ್ಮೆಯ ಕಿವಿಯ ಹಾಗೆ ಇಳಿಬಿದ್ದಿತ್ತು. ಹುಳುಗಳು ಸದಾ ಅಲುಗುವುದರಿಂದ ಅಂಚು ಕರಗಿ, ಚೊಕ್ಕಟವಾದ ಗೆರೆಯ ಕೆಳಗೆ ಮಸಿ ಸುರಿದಂತಾಗಿತ್ತು.

ಪುಣೆಯ ಗ್ಯಾಲರಿ ನಡೆಸುವ ಹೆಂಗಸಿಗೆ ಅದರ ಪ್ರತಿ ಕಳಿಸಿದೆ. ಅವಳು ಫೋನ್ ಮಾಡಿ ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಹರಿದ ಗೋಣಿಚೀಲ ನೇತುಹಾಕಿದ ಹಾಗಿದೆ. ನಮ್ಮಲ್ಲಿ ಹತ್ತು ನಿಮಿಷದಲ್ಲಿ ಅಳಿಸಿಕೊಡುತ್ತಾರೆ. ಕಳಿಸಲಾ?"

ಬೇಡ ಎಂದೆ.

"ಹಾಗಾದರೆ ನಡುಗೋಡೆಗೆ ಬೇರೆಯದನ್ನು ನೋಡೋಣ. ಹನ್ನೊಂದೇ ಇರಲಿ."

ಎರಡು ವಾರ ಸಮಯ ಕೊಡು ಎಂದು ಕೇಳಿದೆ. ಅವಳು ಒಪ್ಪಿದಳು.

ವಾಗದರಿಯಲ್ಲಿ ಜೇನು ಬಿಡಿಸುವವನೊಬ್ಬ ಇದ್ದಾನೆಂದು ಹೇಳಿದವನು ಯಜಮಾನ. ಕುರನೂರದ ಆಣೆಕಟ್ಟಿನ ಕಡೆಯ ಮರಗಳಿಂದ ಹಿಡಿದು ಸುತ್ತಲ ಊರುಗಳ ನೀರಿನ ಟಾಕಿಗಳವರೆಗೆ ಎಲ್ಲ ಕಡೆಯ ಹುಟ್ಟನ್ನೂ ಅವನೇ ಇಳಿಸುತ್ತಿದ್ದನಂತೆ. ಅವನ ಅಪ್ಪ, ಅಜ್ಜ ಮಾಡುತ್ತಿದ್ದದ್ದೂ ಅದೇ ಕೆಲಸ. ಫೋನ್ ಮಾಡಿಸಿದೆ. ಅವನು ಬಸ್ಸಿನಲ್ಲಿ ಬಂದಿಳಿದ ದಿನ ಯಜಮಾನ ಸೊಲ್ಲಾಪುರದ ಪೇಟೆಗೆ ಹೋಗಿದ್ದ. ದಂಡೆಯ ಮೇಲೆ ನಾವಿಬ್ಬರೇ. ನಲವತ್ತರ ತೆಳ್ಳಗಿನ ಮನುಷ್ಯ. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತು ಮೇಲೆ ನೋಡಿದ.

"ಅಕ್ಕಾರ, ಹಗಲಿ ಇವಕ್ಕ ಕೈ ಹಚ್ಚೂದಿಲ್ರಿ ನಾವು. ಅಮಾಸಿ ಬರ್ಲಿ. ಕತ್ತಲಾದಮ್ಯಾಲ ಹಗ್ಗಾ ಕಟ್ಟಿ ಇಳದು, ಹೊಗಿ ಕೊಟ್ಟು, ಒಂದೊಂದ ಹುಟ್ಟ ಸಾವಕಾಶ ಬಿಡಸ್ತೀನಿ."

"ಅಮಾಸಿ ಯಾವಾಗ ಐತಿ?"

"ಇನ್ನ ಹನ್ನೊಂದ ದಿನ."

"ಅಷ್ಟ ದಿನಾ ಆಗೂದಿಲ್ಲೋ ಅಣ್ಣಾ. ನೀರು ಈಗ ನಿಂತಾವು. ಮತ್ತ ಬಿಟ್ರ ದಂಡೀನೇ ಇರೂದಿಲ್ಲ. ಹಗಲಿ ಹೊಗಿ ಹಾಕಿದ್ರ ಏನಾಗತೈತಿ?"

ಅವನು ನನ್ನ ಕಡೆ ತಿರುಗಿದ. "ಹಗಲಿ ಹಾಕಿದ್ರ ಕೆಳಗಿದ್ದದ್ದು ಒಂದೂ ಉಳಿಯೂದಿಲ್ರಿ. ಮನಷ್ಯಾರ ಓಡ್ಯಾರು. ಕಟ್ಟಿದ ದನಾ ಎಲ್ಲಿ ಓಡತಾವ?" ಮತ್ತೆ ಹುಟ್ಟುಗಳ ಕಡೆ ನೋಡುತ್ತ ಹೇಳಿದ: "ಗಡಿಬಿಡಿ ಮಾಡಬ್ಯಾಡ್ರಿ. ಮಳಿ ಬಿದ್ರ ತಾವ ಎದ್ದು ಹೋಗ್ತಾವ. ಇಲ್ಲಿ ಕಾಯಮ್ ಇರಾಕ ಬಂದಿಲ್ಲ ಅವು."

ಅಮಾವಾಸ್ಯೆಗೆ ಬರುತ್ತೇನೆಂದು ಹೇಳಿ ಅವನು ಸಂಜೆಯ ಬಸ್ಸಿಗೆ ಹೋದ.

ಮರುದಿನ ಆಕಾಶ ನೋಡಿದೆ. ಎತ್ತರದಲ್ಲಿ ತೆಳುವಾದ, ಒಂದೇ ಸಮನಾದ ಮೋಡ. ಗಾಳಿ ಇಲ್ಲ. ನೀರು ಗಾಜಿನ ಹಾಗೆ ಬಿದ್ದಿತ್ತು. ಎರಡು ತಿಂಗಳಲ್ಲಿ ಈ ಮೂರೂ ಒಟ್ಟಿಗೆ ಸಿಕ್ಕಿರಲಿಲ್ಲ. ಹೆಚ್ಚೆಂದರೆ ಮೂರು ನಾಲ್ಕು ದಿನ ಹೀಗೆ ನಿಲ್ಲಬಹುದಿತ್ತು. ಯಜಮಾನನ ಮನೆಗೆ ಹೋದೆ. ಅವನು ಅಂಗಳದಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದ.

"ಆ ವಾಗದರಿಯಾಂವ ಏನಂದಾನ್ರಿ?" ಎಂದು ಕೇಳಿದ.

"ಮುಂಜಾನಿ ತಂಪ ಇದ್ದಾಗ ಹೊಗಿ ಕೊಟ್ರ ಏನೂ ಆಗೂದಿಲ್ಲ ಅಂದಾನ್ರಿ. ಥಂಡಿಗೆ ಹುಳಾ ಏಳೂದಿಲ್ಲಂತ. ಅವಗ ಮಾತ್ರ ಈಗ ಬರಾಕ ಆಗೂದಿಲ್ಲಂತ."

ಇದನ್ನು ಹೇಳಲು ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ. ನಂಬಿಕೆ ಬರಲಿ ಎಂದು ಕಾರಣವನ್ನೂ ನಾನೇ ಹೊಂದಿಸಿ ಕೊಟ್ಟೆ.

ಯಜಮಾನ ಹಗ್ಗ ಕೆಳಗಿಟ್ಟ. "ಅಂವ ಹೇಳ್ಯಾನಂದ್ರ ಬರೋಬ್ಬರ ಇರತೈತ್ರಿ. ಅವನ ಮನೆತನದ ಕೆಲಸ ಅದು. ನಾಳಿ ನಾನ ಮಾಡಿಕೊಡ್ತೀನಿ, ತಗೋರಿ."

ಬೆಳಿಗ್ಗೆ ಆರೂವರೆಗೆ ನಾನು ದಂಡೆಯಲ್ಲಿದ್ದೆ. ಕಲ್ಲುಗಳ ಮೇಲೆ ಟ್ರೈಪಾಡ್ ನಿಲ್ಲಿಸಿ, ಮಟ್ಟ ನೋಡಿ, ಮಸೂರದ ಹಲಗೆ ಏರಿಸಿ ಬಿಗಿದೆ. ಹುಟ್ಟು ಹೋದ ಮೇಲೆ ಹೊಗೆ ಚದುರಲು ಅರ್ಧ ತಾಸು, ಆಮೇಲೆ ಚಿತ್ರ ಎಂದು ನನ್ನ ಲೆಕ್ಕ. ಯಜಮಾನ ಸೇತುವೆಯ ಮೇಲೆ ಹೋಗಿದ್ದ. ಗೋಣಿಚೀಲಗಳನ್ನು ಗಂಟು ಕಟ್ಟಿ, ಸೀಮೆಎಣ್ಣೆಯಲ್ಲಿ ತೋಯಿಸಿ, ಕಬ್ಬಿಣದ ಸರಪಳಿಗೆ ಕಟ್ಟಿ, ಉರಿ ಹಚ್ಚಿ ಕಟಾಂಜನದ ಆಚೆ ಇಳಿಬಿಡುವುದು ಅವನ ಯೋಚನೆ. ಮೈಮೇಲೆ ಕಂಬಳಿ ಹೊದ್ದಿದ್ದ. ನನಗೆ ಕಾರಿನ ಹತ್ತಿರವೇ ಇರಲು ಹೇಳಿದ್ದ.

ಅವನ ಎರಡೂ ಎತ್ತುಗಳು ನನ್ನ ಎಡಕ್ಕೆ, ಜಾಲಿಗಿಡಕ್ಕೆ ಕಟ್ಟಿದ ಹಾಗೇ ಇದ್ದವು. ಅವನು ಮರೆತಿದ್ದ. ನಾನು ನೋಡಿದೆ. ಕಟ್ಟಿದ ದನದ ಮಾತು ಕಿವಿಯಲ್ಲಿತ್ತು. ಕೂಗಿ ಹೇಳಿದರೆ ಅವನು ಇಳಿದು ಬರಬೇಕು, ಎತ್ತು ಹೊಡೆದುಕೊಂಡು ಹೋಗಿ ತಿರುಗಿ ಏರಬೇಕು, ಅಷ್ಟರಲ್ಲಿ ಬೆಳಕು ಬದಲಾಗುತ್ತದೆ. ಸುಮ್ಮನಿದ್ದೆ.

ಮೊದಲ ಗಂಟು ಇಳಿಯಿತು. ಎರಡು ಹುಟ್ಟು ಉರಿದು ನೀರಿಗೆ ಬಿದ್ದವು. ಮೂರನೆಯದಕ್ಕೆ ಉರಿ ತಾಗಿದಾಗ ಸದ್ದು ಬದಲಾಯಿತು. ಗಿರಣಿಯ ಹತ್ತಿರ ನಿಂತಾಗ ಎದೆಗೂಡಿನಲ್ಲಿ ಕೇಳಿಸುವಂಥ ಸದ್ದು. ಏಳೂ ಹುಟ್ಟಿನ ಹುಳುಗಳು ಒಟ್ಟಿಗೆ ಎದ್ದವು, ಹೊಗೆಗಿಂತ ದಟ್ಟವಾಗಿ, ಹೊಗೆಯನ್ನು ಬಿಟ್ಟು ಕೆಳಗೆ ಬಂದವು. ನಾನು ಕಾರಿನೊಳಗೆ ಬಿದ್ದು ಬಾಗಿಲು ಹಾಕಿ ಗಾಜು ಏರಿಸಿದೆ. ಕೊರಳಿಗೆ, ಕೈಗೆ ಐದಾರು ಕಡಿದಿದ್ದವು. ಗಾಜಿನ ಮೇಲೆ ಹುಳುಗಳು ಕಾಳು ಬಿತ್ತಿದಂತೆ ಬಂದು ಬಡಿದವು.

ಎತ್ತುಗಳು ಗಿಡದ ಸುತ್ತ ತಿರುಗತೊಡಗಿದವು. ಹಗ್ಗ ಸುತ್ತಿ ಸುತ್ತಿ ಚಿಕ್ಕದಾಯಿತು. ಒಂದು ಎತ್ತು ಹಗ್ಗ ಹರಿದುಕೊಂಡು ಹೊಳೆಗೆ ಬಿತ್ತು. ಇನ್ನೊಂದು ಕಾಂಡಕ್ಕೆ ಕೊರಳು ಒತ್ತಿ ನಿಂತುಬಿಟ್ಟಿತು. ಬಿಳಿ ಎತ್ತು, ನೋಡನೋಡುತ್ತ ಕಪ್ಪಾಯಿತು.

ಆಗ ಆಯಿ ಬಂದಳು. ಮನೆಯಲ್ಲೇ ಇರು ಎಂದು ಮಗ ಹೇಳಿದ್ದ. ಕೊಟ್ಟಿಗೆಯಲ್ಲಿ ಗೋದಲಿಯ ಮುಂದೆ ಎತ್ತು ಇಲ್ಲದ್ದು ಕಂಡು, ಅವು ದಂಡೆಯಲ್ಲೇ ಉಳಿದವೆಂದು ತಿಳಿದು ಕುಡುಗೋಲು ಹಿಡಿದು ಓಡಿ ಬಂದಿದ್ದಳು. ಹಗ್ಗದವರೆಗೆ ಮುಟ್ಟಲಾಗಲಿಲ್ಲ. ಸೆರಗು ಕಿತ್ತು ಮುಖಕ್ಕೆ ಹಿಡಿದುಕೊಂಡು ಕಾರಿನ ಕಡೆ ತಿರುಗಿದಳು. ನನ್ನ ಪಕ್ಕದ ಗಾಜಿಗೆ ಅಂಗೈಯಿಂದ ಬಡಿದಳು.

"ತೆಗಿ! ತೆಗಿಯೇ ತಂಗೀ!"

ಅವಳ ಕೂದಲೊಳಗೆ, ರೆಪ್ಪೆಯ ಮೇಲೆ, ತುಟಿಯ ಸಂದಿಯಲ್ಲಿ ಹುಳುಗಳಿದ್ದವು. ನಮ್ಮಿಬ್ಬರ ನಡುವೆ ಒಂದು ಗಾಜು. ಬಾಗಿಲು ತೆಗೆದರೆ ಅವಳ ಜೊತೆ ಅವೂ ಒಳಗೆ ಬರುತ್ತವೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನನ್ನ ಕೈ ಹಿಡಿಕೆಯ ಮೇಲಿತ್ತು, ಅದು ಬಾಗಿಲನ್ನು ಒಳಕ್ಕೆ ಎಳೆದು ಹಿಡಿದಿತ್ತು. ನಿಮಿಷ ಎಣಿಸುವುದು ನನ್ನ ಕೆಲಸ. ಅವಳು ಎಷ್ಟು ಹೊತ್ತು ಬಡಿದಳೆಂದು ನಾನು ಎಣಿಸಲಿಲ್ಲ. ಕೊನೆಗೆ ಬಡಿಯುವುದನ್ನು ನಿಲ್ಲಿಸಿ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ತಡವರಿಸುತ್ತ ಹೊಳೆಗೆ ಇಳಿದು, ಕುತ್ತಿಗೆಯವರೆಗೆ ನೀರಿನಲ್ಲಿ ಕೂತು, ಒದ್ದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಯಜಮಾನ ಕಂಬಳಿ ಸುತ್ತಿಕೊಂಡು ಓಡಿ ಬಂದು ಅವಳನ್ನು ಎತ್ತಿಕೊಂಡಾಗ ಹುಳು ಕಡಿಮೆಯಾಗಿದ್ದವು. ಆಗ ನಾನು ಬಾಗಿಲು ತೆಗೆದೆ.

ಸೊಲ್ಲಾಪುರದ ಆಸ್ಪತ್ರೆಯವರೆಗೆ ಕಾರು ಓಡಿಸಿದವಳು ನಾನೇ. ಹಿಂದಿನ ಸೀಟಿನಲ್ಲಿ ಆಯಿ ಮಗನ ತೊಡೆಯ ಮೇಲೆ ಮಲಗಿದ್ದಳು. ಮುಖ ಊದಿ ಗುರುತು ಸಿಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳು ಚಿಮಟಿಗೆಯಿಂದ ಒಂದೊಂದೇ ಮುಳ್ಳು ಕಿತ್ತು ಟ್ರೇಗೆ ಹಾಕಿದರು. ಯಜಮಾನ ತಾನೂ ಕೈ-ಕಾಲು ಊದಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದ.

"ಥಂಡಿಗೆ ಏಳೂದಿಲ್ಲ ಅಂದಿದ್ದ ಆ ಸೂಳಿಮಗಾ. ಅವನ ಮಾತ ಕೇಳಿ ನನ್ನವ್ವನ್ನ ಸುಟ್ಟೆ ನಾನು," ಎಂದ.

ನಾನು ಪಕ್ಕದಲ್ಲೇ ಇದ್ದೆ. ನೀರಿನ ಬಾಟಲಿ ಅವನ ಕೈಗೆ ಕೊಟ್ಟೆ.

ಮೂರನೆಯ ದಿನ ಬೆಳಿಗ್ಗೆ ನಾನು ದಂಡೆಗೆ ಹೋದೆ. ಕ್ಯಾಮೆರಾ ಅಲ್ಲೇ ಉಳಿದಿತ್ತು, ಅದನ್ನು ತರಬೇಕೆಂದೇ ಹೊರಟೆ ಎಂದು ಮನೆಯಲ್ಲಿ ಹೇಳಿದೆ. ಹೊರಡುವಾಗ ಐಸ್ ಡಬ್ಬಿಯಲ್ಲಿ ಫಿಲ್ಮು ಇಟ್ಟುಕೊಂಡಿದ್ದೆ.

ಕ್ಯಾಮೆರಾ ಬಿದ್ದಿರಲಿಲ್ಲ. ತಿದಿಯ ಮಡಿಕೆಗಳಲ್ಲಿ ಸತ್ತ ಹುಳುಗಳಿದ್ದವು. ಬ್ರಶ್ಶಿನಿಂದ ಗುಡಿಸಿದೆ. ಕರಿ ಬಟ್ಟೆ ಹೊದ್ದು, ತಿದಿಯೊಳಗೆ ಸಣ್ಣ ಟಾರ್ಚು ಬಿಟ್ಟು, ಎಲ್ಲಿಯಾದರೂ ತೂತಾಗಿ ಬೆಳಕು ಸೋರುತ್ತಿದೆಯೇ ನೋಡಿದೆ. ಇರಲಿಲ್ಲ. ಸರಪಳಿಯಲ್ಲೇ ಉರಿಯುತ್ತ ಉಳಿದ ಗಂಟುಗಳು ಮಿಕ್ಕ ಹುಟ್ಟುಗಳನ್ನೂ ಸುಟ್ಟು, ಮೇಲೆ ಸೇತುವೆಯ ಹೊಟ್ಟೆ ಚೊಕ್ಕಟವಾಗಿತ್ತು. ಮೋಡ ಹಾಗೇ ಇತ್ತು, ನೀರು ಹಾಗೇ ಇತ್ತು. ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದುದರಿಂದ ಸತ್ತ ಎತ್ತನ್ನು ಯಾರೂ ಎಳೆದೊಯ್ದಿರಲಿಲ್ಲ. ನನ್ನ ಚೌಕಟ್ಟಿನಿಂದ ಎಡಕ್ಕೆ ಹತ್ತು ಮಾರು ದೂರದಲ್ಲಿ, ಗಿಡಕ್ಕೆ ಕಟ್ಟಿದ ಹಾಗೇ ಬಿದ್ದಿತ್ತು. ವಾಸನೆ ಬರುತ್ತಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬೆಳಕು ಅಳೆದೆ. ಲೆಕ್ಕಕ್ಕೆ ಎರಡು ನಿಮಿಷ ಬಂತು. ಎಂಟೂವರೆ ನಿಮಿಷ ತೆರೆದಿಟ್ಟೆ, ಎರಡು ಹಾಳೆ ಫಿಲ್ಮಿನ ಮೇಲೆ ಚಿತ್ರ ತೆಗೆದೆ. ಎರಡನೆಯದರ ನಡುವೆ ಆಚೆ ಹೊಲದ ಹೆಣ್ಣುಮಗಳೊಬ್ಬಳು ಬದುವಿನ ಮೇಲೆ ಬಂದು ನಿಂತಳು. ಎತ್ತನ್ನು ನೋಡಿದಳು, ನನ್ನನ್ನು ನೋಡಿದಳು, ತಿರುಗಿ ಹೋದಳು.

ಎರಡೂ ನೆಗೆಟಿವ್ ಚೆನ್ನಾಗಿ ಬಂದಿದ್ದವು. ನಾಲ್ಕು ದಿನ ಡಾರ್ಕ್‌ರೂಮಿನಲ್ಲಿ ಕೂತು ಪ್ರಿಂಟು ಮಾಡಿದೆ. ಆಕಾಶದ ಮೇಲೆ ಬೀಳುವ ಬೆಳಕನ್ನು ಕೈಯ ನೆರಳಿನಿಂದ ತಡೆದು, ಕಂಬಗಳಿಗೆ ಹೆಚ್ಚು ಹೊತ್ತು ಬೆಳಕು ಕೊಟ್ಟು, ಕಪ್ಪು ಎಲ್ಲಿ ಎಷ್ಟು ಬೇಕೋ ಅಷ್ಟು ತಂದೆ. ಆ ನಾಲ್ಕು ದಿನ ನನಗೆ ನಿದ್ದೆ ಚೆನ್ನಾಗಿ ಬಂತು, ಇದನ್ನೂ ಹೇಳಬೇಕು. ಪುಣೆಯಲ್ಲಿ ನಡುಗೋಡೆಯ ಮುಂದೆ ಜನ ಬಹಳ ಹೊತ್ತು ನಿಂತರು. ಎಷ್ಟು ಶುದ್ಧ, ಒಂದು ಕಲೆ ಇಲ್ಲ ಎಂದರು. ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ನನ್ನ ಮಾತು ಇತ್ತು: ಈ ಚಿತ್ರಗಳಲ್ಲಿ ಏನನ್ನೂ ಅಳಿಸಿಲ್ಲ.

ಆಯಿ ಬದುಕಿದಳು. ಆಸ್ಪತ್ರೆಯಿಂದ ಬಿಟ್ಟರೆಂದು ಫೋನಿನಲ್ಲಿ ತಿಳಿದುಕೊಂಡಿದ್ದೆ, ನೋಡಲು ಹೋಗಿರಲಿಲ್ಲ. ಪ್ರದರ್ಶನ ಮುಗಿಸಿ ಬಂದ ಮೇಲೆ, ಮಳೆ ಹಿಡಿದಿದ್ದ ಒಂದು ಗುರುವಾರ ಭಂಡಾರಕವಠೆಗೆ ಹೋದೆ. ಅವಳು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ನಿಂತಿತ್ತು.

"ಬಾ, ಕುಂಡ್ರು."

"ಆಯೀ, ಅವತ್ತ ಬಾಗಿಲಾ..." ಎಂದೆ.

"ಬಾಗಿಲದ ಮಾತ ಬಿಡು. ನನ್ನ ಮಗಗೂ ಹೇಳಿಲ್ಲ ನಾ. ಜೀವದ ಹೆದರಿಕಿ ಎಲ್ಲಾರಿಗೂ ಇರತೈತಿ." ಕೈ ನಿಲ್ಲಿಸದೆ ಸುಲಿಯುತ್ತಲೇ ಇದ್ದಳು. "ಮೂರನೇ ದಿನ ತಿರಗಿ ಬಂದು ಫೋಟೊ ಹೊಡಕೊಂಡ ಹೋದೆಂತಲ್ಲ, ಖರೇ ಏನು?"

"ಹೌದು."

"ಎತ್ತ ಅಲ್ಲೇ ಬಿದ್ದಿತ್ತೇನು?"

"ಹೌದ್ರಿ ಆಯಿ."

"ಅದರ ಮ್ಯಾಲ ಒಂದ ಅರಬೀನರ ಹಾಕಿದ್ದೇನು?"

ಅಂದು ನನ್ನ ಕೈಯಲ್ಲಿ ಎರಡು ಮೀಟರು ಕರಿ ಬಟ್ಟೆ ಇತ್ತು. ಇಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿದಳು, ಸಿಟ್ಟಿನಿಂದಲ್ಲ, ಕೇಳಿದ್ದು ಖಚಿತವಾಯಿತು ಎನ್ನುವ ಹಾಗೆ.

"ಆ ವಾಗದರಿಯಾಂವನ ಕೈ ಮುರದಾರ, ಗೊತ್ತೈತೇನು?"

ಗೊತ್ತಿರಲಿಲ್ಲ. ಆಯಿ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಯಜಮಾನ ತನ್ನ ಇಬ್ಬರು ಭಾವಂದಿರನ್ನು ಕರೆದುಕೊಂಡು ವಾಗದರಿಗೆ ಹೋಗಿದ್ದನಂತೆ. ನಾ ಹಂಗ ಹೇಳಿಲ್ಲ ಎಂದು ಜೇನು ಬಿಡಿಸುವವನು ದೇವರ ಆಣೆ ಮಾಡಿದ. ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಾನೆಂದು ಇವರು ಅವನ ಓಣಿಯಲ್ಲೇ ಕೋಲಿನಿಂದ ಬಡಿದರು. ಬಲಗೈ ಮೊಣಕೈಯಲ್ಲಿ ಮುರಿಯಿತು. ಈಗ ಸುತ್ತಿನ ಯಾವ ಊರೂ ಅವನನ್ನು ಕರೆಯುವುದಿಲ್ಲವಂತೆ, ಅವನ ಮಾತು ಕೇಳಿ ಮುದುಕಿಯೊಬ್ಬಳು ಸಾಯುವಂತಾಯಿತೆಂದು.

"ನನ್ನ ಮಗ ಹೇಳೂದು ಒಂದು, ಅಂವ ಹೇಳೂದು ಒಂದು," ಎಂದಳು ಆಯಿ. "ನಡುವ ಇದ್ದಾಕಿ ನೀ. ಅಂವ ಏನ ಹೇಳಿದ್ದ?"

ಹೇಳಿದೆ. ಅಮಾವಾಸ್ಯೆ, ಹಗ್ಗ, ಕಟ್ಟಿದ ದನ, ಎಲ್ಲವನ್ನೂ ಅವನ ಮಾತಿನಲ್ಲೇ ಹೇಳಿದೆ. ಹೇಳುತ್ತಿರುವಾಗ ಯಜಮಾನ ಹೊಲದಿಂದ ಬಂದು ಬಾಗಿಲಲ್ಲಿ ನಿಂತದ್ದು ನನಗೆ ಕಂಡಿತು. ನಿಲ್ಲಿಸದೆ ಹೇಳಿ ಮುಗಿಸಿದೆ. ಅವನ ಕಾಲಿನಲ್ಲಿ ಕೆಸರಿತ್ತು.

"ನಡೀರಿ," ಎಂದ. "ನಮ್ಮ ಪಡಸಾಲ್ಯಾಗ ಹೇಳಿದ್ರ ಸಾಲೂದಿಲ್ಲ. ನಾ ಅವನ್ನ ಬಡದದ್ದು ಅವನ ಓಣ್ಯಾಗ. ಅಲ್ಲೇ ನಿಂತ ಹೇಳ್ರಿ."

ಕಾರಿನಲ್ಲಿ ಬನ್ನಿ ಎಂದೆ. "ನಿಮ್ಮ ಗಾಡ್ಯಾಗ ಕುಂಡ್ರೂದಿಲ್ಲ" ಎಂದು ಮೋಟರ್‌ಸೈಕಲ್ ತೆಗೆದ. ಮಳೆಯಲ್ಲಿ ಅವನು ಮುಂದೆ, ನಾನು ಹಿಂದೆ. ಅಕ್ಕಲಕೋಟೆಯಲ್ಲಿ ಮಠಕ್ಕೆ ಬಂದ ಗುರುವಾರದ ಭಕ್ತರ ಗಾಡಿಗಳಿಂದ ರಸ್ತೆ ಕಟ್ಟಿತ್ತು. ಅಲ್ಲಿ ನಾನು ಸೊಲ್ಲಾಪುರದ ರಸ್ತೆಗೆ ತಿರುಗಿ ಹೋಗಿಬಿಡಬಹುದಿತ್ತು. ಅವನು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ವಾಗದರಿಯಲ್ಲಿ ಮಳೆ ನಿಂತಿತ್ತು. ಜೇನು ಬಿಡಿಸುವವನು ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಪಟ್ಟಿ ಬಿಚ್ಚಿದ್ದರು, ಬಲಗೈ ಮಾತ್ರ ನೆಟ್ಟಗೆ ಕಟ್ಟಿಗೆಯಂತೆ ಚಾಚಿಯೇ ಇತ್ತು, ಮಡಚುತ್ತಿರಲಿಲ್ಲ. ಯಜಮಾನನನ್ನು ಕಂಡು ಅವನು ಎದ್ದು ಬಾಗಿಲಿಗೆ ಬೆನ್ನು ಕೊಟ್ಟ. ಓಣಿಯ ಕಟ್ಟೆಯ ಮೇಲಿನ ಹತ್ತಿಪ್ಪತ್ತು ಜನ ಎದ್ದು ಬಂದರು. ಯಜಮಾನ ಕೈ ಮುಗಿದು, "ಬಡ್ಯಾಕ ಬಂದಿಲ್ಲೋ ಅಣ್ಣಾ. ಕೇಳಾಕ ಬಂದೀನಿ" ಎಂದ. ಆಮೇಲೆ ನನ್ನ ಕಡೆ ಕೈ ತೋರಿಸಿದ.

ನಾನು ಓಣಿಯ ನಡುವೆ ನಿಂತು ಹೇಳಿದೆ. ಹಗಲಿ ಹೊಗಿ ಹಾಕಬ್ಯಾಡ್ರಿ ಅಂತ ಇವರು ಹೇಳಿದ್ರು, ಹಾಕ್ರಿ ಅಂದಾರ ಅಂತ ಸುಳ್ಳ ಹೇಳಿದಾಕಿ ನಾನು. ಎತ್ತ ಕಟ್ಟಿದ್ದು ನೋಡಿಯೂ ಸುಮ್ಮನಿದ್ದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. ಆಯಿ ಬಂದು ಗಾಜು ಬಡದಾಗ ನಾ ಬಾಗಿಲಾ ತೆಗೀಲಿಲ್ಲ ಎಂಬುದನ್ನೂ ಹೇಳಿದೆ. ಯಜಮಾನ ಅದನ್ನು ಕೇಳಿದ್ದು ಅದೇ ಮೊದಲು. ಅವನ ಮುಖವನ್ನು ನಾನು ನೋಡಲಿಲ್ಲ.

ಯಾರೂ ಬೈಯಲಿಲ್ಲ. ಬೈಯುತ್ತಾರೆಂದು ಕಾದೆ. ಜೇನು ಬಿಡಿಸುವವನು ಒಂದೇ ಮಾತು ಕೇಳಿದ.

"ಏಳೂ ಹುಟ್ಟ ಸುಟ್ಟವೇನ್ರಿ?"

"ಏಳೂ."

"ಮರೀ ಹುಳಾ ಇದ್ವು ಅದರಾಗ," ಎಂದು ತನ್ನಷ್ಟಕ್ಕೆ ಹೇಳಿ ಮತ್ತೆ ಮೆಟ್ಟಿಲ ಮೇಲೆ ಕೂತ.

ಒಳಗಿನಿಂದ ಅವನ ಹೆಂಡತಿ ತಂಬಿಗೆಯಲ್ಲಿ ನೀರು ತಂದಳು. ಮನೆಗೆ ಯಾರೇ ಬಂದರೂ ಕೊಡುವ ನೀರು. ಎದುರಿಗೆ ನಾನಿದ್ದೆ, ನನ್ನ ಕಡೆಗೇ ಚಾಚಿದಳು. ಮಾತಾಡಿ ಗಂಟಲು ಒಣಗಿತ್ತು, ನಾನು ಕೈ ಮುಂದೆ ಮಾಡಿದ್ದೆ.

"ಅವರಿಗೆ ಕೊಡು," ಎಂದು ಅವನು ಗಲ್ಲದಿಂದ ಯಜಮಾನನ ಕಡೆ ತೋರಿಸಿದ. "ಈಕಿಗೆ ಬ್ಯಾಡ."

ಅವಳು ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡು ಯಜಮಾನನಿಗೆ ಚಾಚಿದಳು. ಅವಳ ಗಂಡನ ಕೈ ಮುರಿದಿದ್ದ ಯಜಮಾನ ಅದನ್ನು ಎರಡೂ ಕೈಯಿಂದ ಹಿಡಿದು, ತಲೆ ತಗ್ಗಿಸಿಕೊಂಡು, ಪೂರ್ತಿ ಕುಡಿದ. ನಾನು ಕಾರಿನ ಕಡೆ ನಡೆದೆ. ಜನ ದಾರಿ ಬಿಟ್ಟರು. ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದರೆ ಯಜಮಾನ ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಿದ್ದ, ಅವಳು ಖಾಲಿ ತಂಬಿಗೆಯನ್ನು ಮತ್ತೆ ತುಂಬಿ ತರಲು ಒಳಗೆ ಹೋಗುತ್ತಿದ್ದಳು.